ಕಿವಿಗಲ್ಲು

ಬಫಲೋ ಎನ್ನುತ್ತಾರೆ ಇದಕ್ಕೆ, ಮಿನೆಸೋಟದ ನಮ್ಮ ಕೆರೆಯಲ್ಲಿ.
ಕೊಂಬಿಲ್ಲ, ಗೊರಸಿಲ್ಲ, ಬಾಯಲ್ಲಿ ಒಂದು ಹಲ್ಲೂ ಇಲ್ಲ.
ಹೀರುಬಾಯಿ ಮೀನುಗಳ ದೊಡ್ಡ ಕುಲದ್ದು.
ಗಾಳಕ್ಕೆ ಸುಲಭವಾಗಿ ಬೀಳದು. ಅದಕ್ಕೇ ಇರಬೇಕು
ಕಡತದಲ್ಲಿ ‘ಒರಟು ಮೀನು’,
ನಮ್ಮೂರ ಬಾಯಲ್ಲಿ ಬರೀ ಕಸ.

ಶನಿವಾರ ರಾತ್ರಿ ಬಿಲ್ಲಿನ ಪಂದ್ಯ.
ದೋಣಿಯ ಮೂತಿಗೆ ಹನ್ನೆರಡು ದೀಪ,
ಜನರೇಟರಿನ ಗುರುಗುರು.
ಹಗಲಾಗಿಹೋದ ನೀರಲ್ಲಿ ಮೀನು ಬೆಚ್ಚಲಿಲ್ಲ.
ಯಾಕೆ ಬೆಚ್ಚಬೇಕು? ಮೇಲಿಂದ ಬರುವ ಬೆಳಕು
ಅದರ ಲೆಕ್ಕದಲ್ಲಿ ಸೂರ್ಯ, ಇಲ್ಲವೇ ಚಂದ್ರ.

ಬೆಳಿಗ್ಗೆ ಗಾಳದಂಗಡಿಯ ಹಿಂದೆ, ಕಸದ ತೊಟ್ಟಿಯಲ್ಲಿ
ನಲವತ್ತೆರಡು. ನೊಣ ಇನ್ನೂ ಬಂದಿರಲಿಲ್ಲ.
ತಲೆಗಳನ್ನಷ್ಟೇ ಕೇಳಿದೆ ನಾನು.
“ಪೂರ್ತಿ ಒಯ್ಯಿ, ಬೆರ್ಗಿಟ್,” ಅಂದ
ಚಿಕ್ಕಪ್ಪನ ಮಗ ಡೆರಿಲ್, ಹೆಗಲಲ್ಲಿ ಬಿಲ್ಲು,
ಕೈಯಲ್ಲಿ ಎರಡನೇ ಬಹುಮಾನದ ಐಸ್ ಪೆಟ್ಟಿಗೆ.

ನನ್ನ ಕೆಲಸ ಇಷ್ಟೇ:
ಬುರುಡೆ ಬಿಚ್ಚಿ, ಮಿದುಳಿನ ಮಗ್ಗುಲಿಂದ
ಚಿಮಟದಲ್ಲಿ ಕಿವಿಗಲ್ಲು ಎತ್ತುವುದು.
ಜೋಳದ ನುಚ್ಚಿನಷ್ಟು.
ಅಂಟಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು
ಸೂಕ್ಷ್ಮದರ್ಶಕದ ಕೆಳಗೆ ಉಂಗುರ ಎಣಿಸುವುದು.
ಬೇಸಿಗೆಗೊಂದು ಅಗಲದ ಪಟ್ಟಿ, ಚಳಿಗಾಲಕ್ಕೊಂದು ಗೆರೆ.
ಮರದ ಹಾಗೆ ಅನ್ನಬಹುದಿತ್ತು,
ಮರಕ್ಕೆ ಕಿವಿಯಿಲ್ಲ.
ನಮ್ಮ ಕಿವಿಗೆ ಬಿದ್ದದ್ದು ಇನ್ನೊಂದು ಕಿವಿಯಲ್ಲಿ ಹೊರಟುಹೋಗುತ್ತದೆ;
ಇದರದ್ದು ಅಲ್ಲೇ ಕಲ್ಲಾಗಿ ಕೂತಿದೆ.

ಮೊದಲನೆಯದು ಎಂಬತ್ತೊಂದು ವರ್ಷ.
ನಂಬದೆ ಮತ್ತೆ ಎಣಿಸಿದೆ. ಎಂಬತ್ತೊಂದೇ.
ಎರಡನೆಯದು ಎಂಬತ್ತಾರು.
ಡೆರಿಲ್ ಹೊಡೆದದ್ದು, ಬೆನ್ನ ತುಂಬ ಕರಿ ಮಚ್ಚೆ, ಕಿತ್ತಳೆ ಮಚ್ಚೆ,
ನಮ್ಮಜ್ಜ ಆರ್ವಿಡ್‌ನ ಮುಂಗೈಯ ಹಾಗೆ,
ತೊಂಬತ್ತೇಳಕ್ಕೆ ಅಂಚು ಮುಟ್ಟಿತು.
ಎಪ್ಪತ್ತೆಂಟಕ್ಕಿಂತ ಕಿರಿದು ಆ ತೊಟ್ಟಿಯಲ್ಲಿ ಒಂದೂ ಇರಲಿಲ್ಲ.
ಮರಿಗಳೆಲ್ಲಿ ಎಂದು ಯಾರೂ ಕೇಳಿರಲಿಲ್ಲ;
ದೊಡ್ಡವು ಕಣ್ಣಿಗೆ ಕಾಣುತ್ತಿದ್ದವಲ್ಲ.
ಅಣೆಕಟ್ಟು ಬಂದಮೇಲೆ ನೆರೆ ಹುಲ್ಲುಗಾವಲು ಹತ್ತಿಲ್ಲ.
ವರ್ಷ ವರ್ಷವೂ ಹೊಟ್ಟೆ ತುಂಬ ಮೊಟ್ಟೆ,
ವರ್ಷ ವರ್ಷವೂ
ದಡದ ಕಡೆ ಮುಖ ಮಾಡಿ ಕಾದದ್ದು.

ಭಾನುವಾರ ಅಜ್ಜನ ಬಳಿ ಹೋದೆವು, ಡೆರಿಲನೂ ಬಂದ.
ತೊಂಬತ್ತೊಂದು ಅಜ್ಜನಿಗೆ. ಕಿವಿಯಂತ್ರ ಸದಾ ಅಂಗಿಯ ಜೇಬಿನಲ್ಲಿ,
ಬ್ಯಾಟರಿ ಉಳಿಸಲಂತೆ.
ಕಿವಿಗಲ್ಲಿನ ದೊಡ್ಡ ಚಿತ್ರ ಮುಂದಿಟ್ಟು
ಕಾಗದದ ಮೇಲೆ ಬರೆದು ತೋರಿಸಿದೆ: 97.
ಬಹಳ ಹೊತ್ತು ನೋಡಿದ.
“ಹತ್ತು ವರ್ಷದವನಿದ್ದೆ. ಯಾವುದು ಆ ಗೆರೆ?”
ನಡುವಿನಿಂದ ಎಣಿಸಿ ಹದಿನಾರನೆಯದರ ಮೇಲೆ ಉಗುರಿಟ್ಟೆ.

“ಆ ಚಳಿಗಾಲ ಅಪ್ಪ ಕೆರೆಯಲ್ಲಿ ಮಂಜುಗಡ್ಡೆ ಕೊಯ್ಯುತ್ತಿದ್ದ.
ನಮ್ಮ ಕುದುರೆ ಪರ್ಲ್, ಗಡ್ಡೆ ಬಿರಿದು, ಜಾರುಬಂಡಿಯ ಸಮೇತ ಒಳಗೆ.
ಕೊರಳಲ್ಲಿ ಗೆಜ್ಜೆಪಟ್ಟಿ ಇತ್ತು. ಮುಳುಗುವಾಗಲೂ ನುಡಿಯುತ್ತಲೇ ಇತ್ತು.
ನೀರೊಳಗೆ ಎಷ್ಟು ಹೊತ್ತು ನುಡಿಯಿತೋ
ನಮಗೆ ಗೊತ್ತಾಗಲಿಲ್ಲ.”

ಆಮೇಲೆ ಅವನು ಮಾತಾಡಲಿಲ್ಲ. ಡೆರಿಲ್ ಟೋಪಿಯನ್ನು
ಮೊಳಕಾಲ ಮೇಲೆ ತಿರುಗಿಸುತ್ತ ಕೂತಿದ್ದ.

ಇನ್ನೊಂದು ಕಿವಿಯ ಕಲ್ಲು ಪುಟ್ಟ ಸೀಸೆಯಲ್ಲಿತ್ತು.
ಹೊರಡುವಾಗ ಅಜ್ಜ ಅದನ್ನು ಕಿತ್ತುಕೊಂಡು,
ಯಂತ್ರವಿಲ್ಲದ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದ.
ಗಾಜಿಗೆ ಕಲ್ಲು ತಾಗಿದ ಸದ್ದು, ಸಣ್ಣದು,
ನನಗೆ ಕೇಳಿಸಿತು.
ಡೆರಿಲನಿಗೂ.
ಅಜ್ಜ ಇನ್ನೂ ಅಲ್ಲಾಡಿಸುತ್ತಲೇ ಇದ್ದ.