ಚುಕ್ಕಿ ಡಬ್ಬಿ

ಕಲಬುರಗಿ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯೊಳಗ ನಮ್ಮ ಪ್ರೆಸ್ಸು.
ಅಚ್ಚುಮೊಳಿ ಹೋಗಿ ಕಂಪ್ಯೂಟರ್ ಬಂದು ಇಪ್ಪತ್ತು ವರ್ಷ.
ಮೊಳಿ ಎಲ್ಲಾ ತೂಕಕ್ಕ ಹಾಕಿದಾಗ
ಒಂದು ಬಿಸ್ಕೀಟ್ ಡಬ್ಬಿ ಅಷ್ಟೇ ಉಳಿಸಿಕೊಂಡೆ:
ಬರೇ ಚುಕ್ಕಿ.

ಎಷ್ಟು ಬೈಗಳ ಮ್ಯಾಲ ಕುಂತಿದ್ದವು ಅವು!
ನಾಟಕದ ಗೌಡಗ ಸಿಟ್ಟು ಬಂದರ ಮೂರು,
ಕಾದಂಬರಿಯ ಪೊಲೀಸಗ ಐದು,
ಸೇಂದಿ ಅಂಗಡಿ ಮುಂದಿನ ಜಗಳಕ್ಕ
ಸಾಲು ತುಂಬ, ಇರಬಿ ಹರದಂಗ.
ಓದೋರು ಚುಕ್ಕಿ ಎಣಿಸಿ
ತಮ್ಮ ತಮ್ಮ ಮನಿಯ ಬೈಗಳ ತುಂಬಿಕೋತಿದ್ದರು.

ಈಗ ಕಸ್ತೂರಿ ಬಂದಾಳ, ಶಹಾಬಾದಿನಾಕಿ,
ಕಲ್ಲಿನ ಖಣಿಯ ಕತಿ ಬರಕೊಂಡು.
ಮೊದಲ ಪುಟದಾಗೇ ಅದು, ಇಡಿಯಾಗಿ,
ಬರಿಮೈಲೆ ನಿಂತದ.
"ಚುಕ್ಕಿ ಹಾಕ್ಲೇನವ್ವಾ?" ಅಂದೆ.
"ಮುಕಾದಮ ನಮ್ಮವ್ವಗ ಚುಕ್ಕಿ ಹಾಕಿ ಕರೀತಿದ್ದಿಲ್ರಿ ಕಾಕಾ"
ಅಂದಳು, ಬಸಿಯೊಳಗ ಚಾ ಆರಿಸಿಕೋತ.

ಆತು, ಬಿಟ್ಟೆ. ಆದರ ಕಾಗುಣಿತ?
ಮೂರು ಪುಟದಾಗ ಮೂರು ನಮೂನಿ ಬರದಾಳ.
ಇಷ್ಟು ವರ್ಷ ಕೇಳೀನಿ, ನೋಡಿಲ್ಲ ನಾನೂ.
ನಿಘಂಟು ತೆಗದೆ: ಅದು ಇರಬೇಕಾದಲ್ಲಿ
ಮ್ಯಾಲ ಒಂದು ಹಕ್ಕಿ, ಕೆಳಗ ಒಂದು ಬ್ಯಾನಿ.
ಬೈಂಡಿಂಗ್ ಮೌಲಾಲಿ ಅಂಟಿನ ಕೈ ಎತ್ತಿ
"ಭಾರಿ ಉಸರಿನ ಅಕ್ಷರರಿ, ಹೊಟ್ಟಿ ಸೀಳ್ರಿ" ಅಂದ.
ಚಾ ಹುಡುಗ ನಕ್ಕ: "ಉಸರು ಯಾಕ್ರಿ, ಹಂಗೇ ಬರ್ತದ."
ಅವನ ಮೊಬೈಲಿನಾಗ ಯಾವುದೋ ಸೀರೀಸು,
ಮಾತಿಗೊಮ್ಮೆ ಅದೇ,
ಸೂಸಲದಾಗ ಶೇಂಗಾ ಸಿಕ್ಕಂಗ.
ಯಾರೂ ತಿರುಗಿ ನೋಡಲಿಲ್ಲ.

ಸಂಜಿಕ ಕರಡು. ನಮ್ಮ ಪದ್ಧತಿ:
ಜಗದೇವಿ ಹಸ್ತಪ್ರತಿ ಓದೋದು, ನಾ ತಿದ್ದೋದು.
ಮದುವಿ ಕಾರ್ಡು, ಪುರಾಣ, ಡಿಗ್ರಿ ಗೈಡು,
ಇಪ್ಪತ್ತೆರಡು ವರ್ಷ ಒಂದೇ ದನಿ.
ಚುಕ್ಕಿ ಬಂದಲ್ಲಿ "ಚುಕ್ಕಿ, ಚುಕ್ಕಿ, ಚುಕ್ಕಿ" ಅಂತಿದ್ದಳು
ಮಗ್ಗಿ ಒಪ್ಪಿಸಿದಂಗ.
ಇವತ್ತ ಆ ಸಾಲು ಹತ್ರ ಬಂದಂಗೆಲ್ಲ
ನನಗ ಫ್ಯಾನಿನ ಗಾಳಿ ಸಾಲಲಿಲ್ಲ.
"ಅದಿಷ್ಟು ಬಿಟ್ಟು ಓದವ್ವಾ, ನಾ ನೋಡ್ಕೋತೀನಿ."

ಅಕಿ ಬಿಡಲಿಲ್ಲ.
ಚಸ್ಮಾ ಏರಿಸಿಕೊಂಡು
"ಆಗಮನಾಭಿಲಾಷಿಗಳು" ಅಂತ ಓದೋ ಅದೇ ದನಿಲೆ
ಓದಿದಳು.
ಅಕ್ಷರ ಅಕ್ಷರ ಬಿಡಿಸಿ, ಒತ್ತು ಎಲ್ಲಿ, ದೀರ್ಘ ಎಲ್ಲಿ,
ಒಂದೂ ತಪ್ಪದಂಗ.

ಇಷ್ಟು ಖಾತ್ರಿ ಹೆಂಗವ್ವಾ ನಿನಗ, ಬಾಯಿತನಕ ಬಂತು.
ಕೇಳಲಿಲ್ಲ.
ಅಕಿ ಗಂಡ ತೀರಿಕೊಂಡು ಆರು ವರ್ಷ ಆತು.
ಅಂವ ಇದ್ದಾಗ ಎಷ್ಟೋ ಮುಂಜಾನೆ
ಕಣ್ಣಿನ ಸುತ್ತ ಬಾವು ಇರತಿತ್ತು,
ನಾ ತಲಿ ಬಗ್ಗಿಸಿ ಅಲ್ಪವಿರಾಮ ಹುಡಕತಿದ್ದೆ.

ಹಾಳಿ ಮ್ಯಾಲಿನ ಬೆರಳು ಇನ್ನೂ ಸರದಿಲ್ಲ.
"ಹೊಟ್ಟಿ ಸೀಳಿದ್ರೇನ್ರಿ?"
"ಸೀಳಿದೆ."
"ಮುಂದ ಪೂರ್ಣವಿರಾಮ" ಅಂದಳು.