ಖಾಲಿ ಚೌಕ

ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ,
ಕಾಯಿಲೆ ಬಂದವರಿಗೆ ಒಳಗೆಲ್ಲ ಕಪ್ಪು,
ಹೋದವರ ಮೇಲೊಂದು ಓರೆ ಗೆರೆ.
ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ
ಮುಬೀನಾ ಮೇಡಂ ಬರೆಯುತ್ತ ಹೋದರು,
ನಾನು ಹೇಳುತ್ತ ಹೋದೆ,
ಹೇಳುತ್ತ ಹೇಳುತ್ತ ಗೊತ್ತಾಯಿತು
ನಮ್ಮ ಮನೆಯವರು ಯಾತರಿಂದ ಸತ್ತರೆಂದು
ನನಗೆ ಗೊತ್ತೇ ಇಲ್ಲ.

'ಕೇಳಿಕೊಂಡು ಬಾ.'

ಕೇಳಿದೆ.
ದೊಡ್ಡಬಳ್ಳಾಪುರದ ಸರಸಜ್ಜಿ ಫೋನಿನಲ್ಲಿ ಪಿಸುಗುಟ್ಟಿದಳು:
ಕಮಲಿಗೆ ಹೊಟ್ಟೆನೋವು ಕಣೆ, ಬರೀ ಹೊಟ್ಟೆನೋವು.
ಎಷ್ಟು ವಯಸ್ಸು? ಮೂವತ್ತೊಂಬತ್ತು.
ಊದಿತ್ತಾ? ಊದಿತ್ತು,
ಮತ್ತೆ ಬಸುರಿ ಅಂತ ಆಡಿಕೊಂಡರು ಜನ.
ನಿನ್ನ ತಾತನ ತಂಗಿಯರಿಗೆ? ಅದು ದೃಷ್ಟಿ.
ಎಲ್ಲಿ? ಎದೆಗೆ.
ಇದೆಲ್ಲ ಯಾಕೆ ಈಗ, ಇಪ್ಪತ್ತೆರಡು ನಿಂಗೆ,
ಗಂಡು ಹುಡುಕೋ ಹೊತ್ತಲ್ಲಿ
ಊರಿಗೆಲ್ಲ ಡಂಗುರ ಹೊಡೀತೀಯಾ?

ಅಮ್ಮನದು ನನಗೆ ಗೊತ್ತು.
ಅವಳ ಸೊನ್ನೆ ಕಪ್ಪು, ಗೆರೆ ಇಲ್ಲ.
ಹೊರಗೆ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಿದ್ದಾಳೆ,
ಕುಪ್ಪಸದೊಳಗೆ ಒಂದು ಕಡೆ ಹತ್ತಿ ತುಂಬಿದ ಚೀಲ,
ತಾನೇ ಹೊಲಿದುಕೊಂಡದ್ದು,
ಅಂಗಡಿಯದು ಬೆವರಿಸುತ್ತೆ ಅಂತ.

ಮೇಡಂ ಹೆದರಿಸಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.
ಉದ್ದನೆಯ ವಾಕ್ಯದಲ್ಲಿ ಒಂದಕ್ಷರ ಬಿದ್ದುಹೋದ ಹಾಗೆ, ಎಂದರು.
ನಿನಗೆ ಬಂದಿರಬಹುದು, ಬಾರದಿರಬಹುದು,
ನಾಣ್ಯ ಚಿಮ್ಮಿದ ಹಾಗೆ.
ಬಂದಿದ್ದರೂ ಅದು ಕಾಯಿಲೆಯಲ್ಲ,
ಅಗುಳಿ ಹಾಕದ ಬಾಗಿಲು.
ಇಪ್ಪತ್ತೈದಕ್ಕೆ ಸ್ಕ್ಯಾನು ಶುರುಮಾಡಬಹುದು,
ಆಪರೇಷನ್ ಮಾತು ಆಮೇಲೆ, ಮಕ್ಕಳ ಮಾತು ಆಮೇಲೆ.
ಇವತ್ತಿನ ಪ್ರಶ್ನೆ ತಿಳಿಯಬೇಕಾ ಬೇಡವಾ ಅನ್ನುವುದಷ್ಟೇ.
ಬೇಡ ಅನ್ನುವುದೂ ಉತ್ತರವೇ.

'ನಂದು ಚೌಕ ತಾನೆ, ನಂಗೇನು?' ಅಂದ ತಮ್ಮ ಲಿಖಿತ.
ಪೆನ್ನು ಅಮ್ಮನ ಸೊನ್ನೆಯಿಂದ ಮೇಲಕ್ಕೆ ಹತ್ತಿತು,
ಕಮಲ ದೊಡ್ಡಮ್ಮನ ಸೊನ್ನೆಯಿಂದಲೂ ಹತ್ತಿತು,
ಎರಡೂ ಸೇರಿದಲ್ಲಿ ನಿಂತಿತು.
ತಾತ. ಎಂಬತ್ತನಾಲ್ಕು. ಶುಗರ್ ಕೂಡ ಇಲ್ಲ.
ಖಾಲಿ ಚೌಕ.

ಕಬ್ಬನ್‌ಪೇಟೆಯ ಮನೆಯಲ್ಲಿ ಅದನ್ನು
ಊಟದ ನಡುವೆ ಹೇಳಿಬಿಟ್ಟ ಲಿಖಿತ, ಬುದ್ಧಿಯಿಲ್ಲದವನು.
ತಾತ ತುತ್ತು ಕೆಳಗಿಟ್ಟ.
ಐವತ್ತು ವರ್ಷ ಜಕಾರ್ಡಿಗೆ ಕಾರ್ಡು ಹೊಡೆದವನು,
ನಾನೂರು ರಟ್ಟಿನಲ್ಲಿ ತಪ್ಪಿದ ಒಂದು ತೂತನ್ನು
ಕಣ್ಣು ಮುಚ್ಚಿ ಬೆರಳಲ್ಲಿ ಹುಡುಕುತ್ತಿದ್ದವನು.
'ನನ್ನಿಂದಾನಾ?'
ಪಕ್ಕದ ಮನೆಯ ಪವರ್‌ಲೂಮು ಕಟಕಟ ಅನ್ನುತ್ತಲೇ ಇತ್ತು.

ರಾತ್ರಿ ನನ್ನ ಹಾಸಿಗೆಯ ಹತ್ತಿರ ಬಂದು ಕೂತ.
'ತಪ್ಪಿರೋ ಕಾರ್ಡು ಬದಲಾಯಿಸೋಕೆ ಆಗದಿದ್ರೆ
ಅದು ಬರೋ ಹೊತ್ತಿಗೆ ಮಗ್ಗ ನಿಧಾನ ಮಾಡ್ತಿದ್ವಿ ಕಣಮ್ಮ,
ಎಳೆ ಕೈಯಲ್ಲೇ ಎತ್ತಿ ಕೊಡ್ತಿದ್ವಿ.
ಸೀರೆ ಕೆಡ್ತಿರಲಿಲ್ಲ.'
'ಚೆನ್ನಾಗಿದೆ ತಾತ. ಆದರೆ ನಾನು ಸೀರೆಯಲ್ಲ.'
'ಅಲ್ಲ' ಅಂದ.
ಎದ್ದು ಹೋಗಲಿಲ್ಲ.

ಲಿಖಿತ ಈಗ ಬೇಡ ಅಂದ, ಡಿಗ್ರಿ ಮುಗೀಲಿ ಅಂದ.
ಮೇಡಂ ಅವನ ಹಾಳೆಯ ಮೇಲೆ
'ಆಮೇಲೆ' ಎಂದು ಬರೆದು ಮಡಚಿಟ್ಟರು.
ಅಮ್ಮ ನನ್ನ ಕಡೆ ನೋಡಲಿಲ್ಲ.
ಹೂಂ ಅಂದರೂ ಉಹೂಂ ಅಂದರೂ
ತನ್ನಿಂದಲೇ ಅಂದುಕೊಳ್ಳುತ್ತಾಳೆ ಅವಳು.

ತೋಳು ಚಾಚಿದೆ.
ಧೈರ್ಯ ಏನಲ್ಲ.
ನಾಳೆ ಯಾರೋ ಹುಡುಗಿ ಫೋನು ಮಾಡಿ ಕೇಳಿದರೆ
ಹೊಟ್ಟೆನೋವು ಕಣೆ, ಬರೀ ಹೊಟ್ಟೆನೋವು ಅಂತ
ಪಿಸುಗುಟ್ಟಲು ನನಗೆ ಮನಸ್ಸಿಲ್ಲ, ಅಷ್ಟೆ.

ನರ್ಸು ಟ್ಯೂಬಿನ ಚೀಟಿಯ ಮೇಲೆ ಹೆಸರು ಬರೆದಳು.
ನೋಡಿದೆ: ಹಸಿನಿ.
ಹಂಸಿನಿ ಸಿಸ್ಟರ್, ಅಂದೆ,
ಸೊನ್ನೆ ಬಿಟ್ಟುಹೋಗಿದೆ.
ಪೆನ್ನು ಇಸಕೊಂಡು
ನಾನೇ ಹಾಕಿದೆ.