ಹೆಳವ ಓದಿದ ಕಲ್ಲು

ಎತ್ತಿನ ಕೊರಳ ಗಂಟೆಗೆ ಅರಿವೆ ಸುತ್ತಿ
ಕ್ಯಾಂಪಿನ ಗೋರಿಗಳ ನಡುವೆ ಬಂದೆ.
ಕಾವಲಿನ ಬಸ್ತ್ಯಾಂವ ನಕ್ಕ:
"ಇವಂದೂ ವಂಶಾವಳಿ ಹೇಳು ನೋಡೂಣು, ಹೆಳವಾ."

ಕಲ್ಲಿನ ಮೇಲೆ ನೇಗಿಲು. ಒಕ್ಕಲಿಗನೇನೋ ಅಂದುಕೊಂಡೆ.
ಅಲ್ಲ, ಲಂಗರವಂತೆ.
ಕಡೆದ ಖಾನಾಪುರದವ ಸಮುದ್ರ ಕಂಡವನಲ್ಲ.

ಬಸ್ತ್ಯಾಂವ ಪಾಚಿ ಕೆರೆದು ಓದಿದ:
ಲೆಫ್ಟಿನೆಂಟ್ ಎಡ್ವಿನ್ ಥಾರ್ನ್‌ಬಿ, ರಾಣಿಯ ಹಡಗಿನವ,
ಕ್ಯಾಪ್ಟನ್‌ನ ಮಗ, ಅಡ್ಮಿರಲ್‌ನ ಮೊಮ್ಮಗ.
ಮುತ್ತಜ್ಜ? ಕಲ್ಲು ಸಾಲಲಿಲ್ಲ.
ಅವ್ವನ ಹೆಸರೂ ಇಲ್ಲ, ನಮ್ಮ ಚೋಪಡಿಯ ಹಾಗೆಯೇ.

ವೆಂಗುರ್ಲೆಯಲ್ಲಿ ಇಳಿದು, ಗಾಡಿಯಲ್ಲಿ ಘಟ್ಟ ಹತ್ತಿ
ಪಲ್ಟನ್ನಿನ ತಮ್ಮನ ಮನೆಗೆ ಹವಾ ಬದಲಿಗೆ ಬಂದವ.
ಒಂದೂವರೆ ವರ್ಷ ಉಳಿದ.
ಅಲೆಗೆ ಸಾಯದವನನ್ನು ಚಳಿಜ್ವರ ಒಯ್ದಿತು.

ಇಷ್ಟು ಬಸ್ತ್ಯಾಂವನಿಗೆ ಗೊತ್ತು.
ಶಹಾಪುರದ ನೇಕಾರ ಓಣಿಯಲ್ಲಿ
'ಲಂಗರದ' ಅಂತ ಅಡ್ಡಹೆಸರಿನ ಒಂದು ಮನೆ ಇದೆ.
ಅವರಲ್ಲಿ ಯಾರೂ ಮಲಪ್ರಭೆಗಿಂತ ದೊಡ್ಡ ನೀರು ನೋಡಿಲ್ಲ.
ಅಲ್ಲಿ ಐದು ತಲೆ ಏರಿ ನನ್ನ ದನಿ ನಿಲ್ಲುತ್ತದೆ.
ನಮ್ಮಜ್ಜನೂ ಅಲ್ಲೇ ನಿಲ್ಲುತ್ತಿದ್ದ,
ಕೆಮ್ಮಿ, ನೀರು ಕೇಳಿ.

ಅದು ಬಸ್ತ್ಯಾಂವನಿಗೆ ಹೇಳುವ ಮಾತಲ್ಲ.
ಆ ಮನೆಯ ಮುದುಕಿ ನಿಂಬೆವ್ವ
ವರ್ಷಾ ನನಗೆ ಒಂದು ಮೊಳ ಬಟ್ಟೆ
ಹೆಚ್ಚಿಗೆ ಹರಿದು ಕೊಡುತ್ತಾಳೆ,
ಆ ಕೆಮ್ಮಿಗೆ.